ಇನ್ನೂರು ರೂಪಾಯಿಯ ಮುಪ್ಪು

ಇನ್ನೂರು ರೂಪಾಯಿಯಲ್ಲಿ
ಮುಪ್ಪಿನ ಜೀವವೊಂದು ತಿಂಗಳು ಕಳೆಯಬಲ್ಲುದೆ?

ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ,
ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕುಳಿತು,
ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತ,
ಬೆರಳ ಸಂದಿಗೆ ಕಪ್ಪು ಅಂಟು ಹತ್ತಿಸಿಕೊಂಡೇ
ಆಯುಷ್ಯ ಸವೆಸಿದ ಅಜ್ಜಿಯರನ್ನು ನೀವು ಬಲ್ಲಿರಿ.
ಕೈ ಸೋತ ಮೇಲೆ ಅವರಿಗೆ ಆಶ್ರಯ, ಪಿಂಚಣಿಯೊಂದೇ.

ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು,
1995ರಲ್ಲಿ 75 ರೂಪಾಯಿಯಿಂದ ಮೊದಲಾಗಿ,
2006ರಲ್ಲಿ 200ಕ್ಕೆ ಏರಿ,
ಎಂಬತ್ತು ತುಂಬದವರ ಮಟ್ಟಿಗೆ
ಅಲ್ಲಿಯೇ ನಿಂತುಬಿಟ್ಟಿದೆ.
ತೊಟ್ಟಿಲ ಕೂಸಿಗೆ ಹೊಲಿಸಿದ ಅಂಗಿಯನ್ನು
ಮೀಸೆ ಮೂಡಿದ ಮಗನಿಗೆ ತೊಡಿಸಿದಂತೆ!

ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ತಿಂಗಳಿಗೆ 1,200 ಕೊಡುವುದು ಸ್ತುತ್ಯವೇ;
ಆದರೂ ದಿನಕ್ಕೆ ನಲವತ್ತೇ ಆಯಿತಷ್ಟೆ.

ಕೇಂದ್ರದ ಈ ಪಾಲು ಹೆಚ್ಚಬೇಕೆಂದು
ಸಂಸತ್ತಿನ ಸ್ಥಾಯಿ ಸಮಿತಿಯೇ
ಪುನಃ ಪುನಃ ಶಿಫಾರಸು ಮಾಡಿದೆ.
ಕೊರತೆಯಿರುವುದು ಹಣದ್ದಲ್ಲ, ಸಂಕಲ್ಪದ್ದೆಂದೇ ನನ್ನ ದೃಢವಾದ ಅಭಿಪ್ರಾಯ.

ಹೊಗೆಸೊಪ್ಪಿನ ಸೀಮೆಯ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮೂವರು ಸಂಸದರು:
ಹುಣಸೂರು, ಪಿರಿಯಾಪಟ್ಟಣಕ್ಕೆ ಮೈಸೂರಿನವರು,
ಕೆ.ಆರ್. ನಗರಕ್ಕೆ ಮಂಡ್ಯದವರು,
ಎಚ್.ಡಿ. ಕೋಟೆಗೆ ಚಾಮರಾಜನಗರದವರು.

ಮುಂದಿನ ಆಯವ್ಯಯ ಮಂಡನೆಗೆ ಮುನ್ನ,
ಈ ಇನ್ನೂರನ್ನು ಏರಿಸಿರೆಂದು,
ನಿಮ್ಮ ಸಂಸದರಿಗೆ
ದಯವಿಟ್ಟು ಒಂದು ಕಾಗದ ಬರೆಯಿರಿ.