ಡಮಾಸ್ಕಸ್ಸಿನ ಮಹಾಮಸೀದಿ

ಸಿರಿಯಾ ದೇಶದ ರಾಜಧಾನಿಯಾದ ಡಮಾಸ್ಕಸ್, ಜಗತ್ತಿನ ಅತಿ ಪ್ರಾಚೀನ ನಗರಗಳಲ್ಲೊಂದು. ಅದರ ಹಳೆಯ ಪೇಟೆಯ ನಡುವೆ, ಎತ್ತರವಾದ ಕಲ್ಲುಗೋಡೆಗಳ ಒಳಗೆ, ಉಮಯ್ಯದ್ ಮಹಾಮಸೀದಿಯಿದೆ. ಸುಮಾರು ಮೂರು ಸಾವಿರ ವರ್ಷಗಳಿಂದ ಈ ನೆಲ ಆರಾಧನೆಯ ನೆಲೆಯಾಗಿದೆ. ಆರಾಧಿಸುವವರು ಮಾತ್ರ ಬದಲಾಗುತ್ತ ಬಂದಿದ್ದಾರೆ.

ಮೊದಲು ಇಲ್ಲಿದ್ದುದು ಅರಮೇಯರ ಮಳೆ-ಗುಡುಗುಗಳ ದೇವನಾದ ಹದದನ ಗುಡಿ. ರೋಮನರ ಕಾಲದಲ್ಲಿ ಅದೇ ಸ್ಥಳದಲ್ಲಿ ಜ್ಯೂಪಿಟರನ ಭವ್ಯ ದೇವಾಲಯವೆದ್ದಿತು. ರೋಮ್ ಸಾಮ್ರಾಜ್ಯವು ಕ್ರೈಸ್ತಧರ್ಮವನ್ನು ಅಂಗೀಕರಿಸಿದ ತರುವಾಯ, ಕ್ರಿ.ಶ. 4ನೆಯ ಶತಮಾನದ ಕೊನೆಯಲ್ಲಿ, ಆ ಆವರಣದಲ್ಲಿ ಚರ್ಚು ನೆಲೆಗೊಂಡಿತು. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಯೋಹಾನನ ಹೆಸರು ಅದಕ್ಕೆ ಬಂದಿತು.

7ನೆಯ ಶತಮಾನದಲ್ಲಿ ನಗರವು ಅರಬರ ವಶವಾಯಿತು. ಆದರೂ ಸುಮಾರು 70 ವರ್ಷಗಳ ಕಾಲ ಚರ್ಚು ಕ್ರೈಸ್ತರಲ್ಲಿಯೇ ಉಳಿದಿತ್ತು. ಮುಸ್ಲಿಮರು ಅದೇ ಆವರಣದ ಇನ್ನೊಂದು ಭಾಗದಲ್ಲಿ ನಮಾಜು ಮಾಡುತ್ತಿದ್ದರು. 705ರಲ್ಲಿ ಖಲೀಫನಾದ ಒಂದನೆಯ ವಲೀದನು ತನ್ನ ರಾಜಧಾನಿಗೆ ತಕ್ಕ ಮಸೀದಿಯೊಂದನ್ನು ಕಟ್ಟಿಸಬೇಕೆಂದು ಬಯಸಿ ಚರ್ಚನ್ನು ಕೆಡವಿಸಿದನು. ನಗರದ ಇತರ ಚರ್ಚುಗಳು ಕ್ರೈಸ್ತರಿಗೇ ಉಳಿಯುವುವೆಂದು ಮಾತು ಕೊಟ್ಟನೆಂದು ಅರಬ್ ಚರಿತ್ರಕಾರರು ಬರೆದಿದ್ದಾರೆ. ಆದರೆ ತಲೆಮಾರುಗಳಿಂದ ಪೂಜಿಸಿದ ತಾಣವನ್ನು ಕಳೆದುಕೊಂಡ ನೋವಿಗೆ ಯಾವ ಪರಿಹಾರವೂ ಸಾಟಿಯಾಗಲಾರದು.

706ರಲ್ಲಿ ಆರಂಭವಾದ ಕಟ್ಟಡವು ಸುಮಾರು 10 ವರ್ಷಗಳಲ್ಲಿ ಮುಗಿಯಿತು. ರೋಮನರ ಹೊರಗೋಡೆಗಳನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಹೊಂಬಣ್ಣದ ಹಿನ್ನೆಲೆಯಲ್ಲಿ ಗಾಜು-ಕಲ್ಲುಗಳ ಚೂರುಗಳನ್ನು ಜೋಡಿಸಿ ಮರಗಳನ್ನೂ ಮನೆಗಳನ್ನೂ ಹರಿಯುವ ನದಿಯನ್ನೂ ಚಿತ್ರಿಸಲಾಯಿತು. ಮನುಷ್ಯರ ಅಥವಾ ಪ್ರಾಣಿಗಳ ಆಕೃತಿ ಅಲ್ಲಿ ಒಂದೂ ಇಲ್ಲ.

ಚರ್ಚು ಅಳಿದರೂ ಅದರ ನೆನಪು ಅಳಿಯಲಿಲ್ಲ. ಮುಸ್ಲಿಮರು ಯೋಹಾನನನ್ನು ಯಹ್ಯಾ ಎಂಬ ಹೆಸರಿನಿಂದ ಪ್ರವಾದಿಯೆಂದು ಗೌರವಿಸುತ್ತಾರೆ. ಆತನ ಶಿರಸ್ಸು ಇದೆಯೆಂದು ನಂಬಲಾದ ಸಮಾಧಿಯು ಪ್ರಾರ್ಥನಾಮಂದಿರದ ಒಳಗೇ ಇದೆ. ಮಸೀದಿಯ ಮಿನಾರುಗಳಲ್ಲೊಂದಕ್ಕೆ ಯೇಸುವಿನ ಹೆಸರಿದೆ. 1893ರ ಬೆಂಕಿಯಲ್ಲಿ ಮಸೀದಿಯ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಿದಾಗ ಸಮಾಧಿಯನ್ನೂ ಕಟ್ಟಿದರು. 2001ರ ಮೇ ತಿಂಗಳಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಪಾದರಕ್ಷೆ ಕಳಚಿ ಒಳಗೆ ನಡೆದು, ಆ ಸಮಾಧಿಯ ಮುಂದೆ ಮೌನವಾಗಿ ನಿಂತರು. ಮಸೀದಿಯೊಂದನ್ನು ಪ್ರವೇಶಿಸಿದ ಮೊದಲ ಪೋಪ್ ಅವರೇ.

ದಕ್ಷಿಣದ ಗೋಡೆಯಲ್ಲಿ ಬಹುಕಾಲದ ಹಿಂದೆ ಮುಚ್ಚಿದ ಬಾಗಿಲೊಂದಿದೆ. ಅದರ ಮೇಲೆ ಕ್ರಿಸ್ತನ ರಾಜ್ಯವನ್ನು ಸ್ತುತಿಸುವ ಗ್ರೀಕ್ ಶಾಸನವು ಇಂದಿಗೂ ಉಳಿದಿದೆ. ಗೆದ್ದವರ ಕಥೆಯನ್ನು ಕಟ್ಟಡ ಹೇಳಿದರೆ, ಕಳೆದುಕೊಂಡವರ ಕಥೆಯನ್ನು ಆ ಅಕ್ಷರಗಳು ಹೇಳುತ್ತವೆ. ಎರಡನ್ನೂ ಓದಬಲ್ಲವನಿಗೆ ಮಾತ್ರ ಈ ಸ್ಥಳದ ಚರಿತ್ರೆ ಪೂರ್ಣವಾಗಿ ತಿಳಿಯುತ್ತದೆ.