ಬಾರ್‌ಕೋಡ್ ಸ್ಕ್ಯಾನರ್ ಜೋಡಣೆ: ಮೊದಲು ನೋಟ್‌ಪ್ಯಾಡ್ ತೆರೆಯಿರಿ

ಉತ್ತರಾಯಣ ಕಳೆಯುತ್ತಲೇ ಅಹಮದಾಬಾದಿನಲ್ಲಿ ಮದುವೆಗಳ ಸುಗ್ಗಿ. ಬೋಪಾಲ್ ಕಡೆಯ ಗೋದಾಮಿನಲ್ಲಿ ತುಪ್ಪದ ಡಬ್ಬಿಗಳ ಲೆಕ್ಕ ತಪ್ಪಿದರೆ ಗೊತ್ತಾಗುವುದು ಪಂಕ್ತಿ ಕೂತ ಮೇಲೆಯೇ. ಅದಕ್ಕೆಂದು ಸ್ಕ್ಯಾನರ್ ತಂದರೆ, ಜೊತೆಗೆ ಸಿಗುವುದು ಅರ್ಥವಾಗದ ಒಂದು ಹಾಳೆ.

ಸದಸ್ಯರು ಗಾಬರಿಯಾಗಬೇಕಿಲ್ಲ. ಸಾಮಾನ್ಯ ಯುಎಸ್‌ಬಿ ಸ್ಕ್ಯಾನರನ್ನು ಕಂಪ್ಯೂಟರ್ ಕೀಬೋರ್ಡ್ ಎಂದೇ ತಿಳಿಯುತ್ತದೆ. ಬೇರೆ ಸಿಡಿ ಬೇಡ. ನೋಟ್‌ಪ್ಯಾಡ್ ತೆರೆದು ಒಂದು ಡಬ್ಬಿಯನ್ನು ಸ್ಕ್ಯಾನ್ ಮಾಡಿ. ಅಂಕಿಗಳು ಮೂಡಿದರೆ ಯಂತ್ರ ಸರಿಯಿದೆ, ತೊಂದರೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿದೆ ಎಂದರ್ಥ. ಅಂಕಿ ಬಂದರೂ ಕರ್ಸರ್ ಮುಂದಿನ ಸಾಲಿಗೆ ಹೋಗದಿದ್ದರೆ, ಕೊನೆಯಲ್ಲಿ ಎಂಟರ್ ಒತ್ತುವ ವ್ಯವಸ್ಥೆ ಆನ್ ಆಗಿಲ್ಲ. ಅದನ್ನು ಆನ್ ಮಾಡುವುದೂ ಬಾರ್‌ಕೋಡಿನಿಂದಲೇ! ಸ್ಕ್ಯಾನರಿನ ಅಡಿಯಲ್ಲಿರುವ ಮಾಡೆಲ್ ನಂಬರ್ ಹಿಡಿದು ಕಂಪನಿಯ ಕೈಪಿಡಿ ಹುಡುಕಿ, ಆ ಪುಟ ಮುದ್ರಿಸಿ, ಅಕ್ಕಪಕ್ಕದ ಕೋಡುಗಳನ್ನು ಕೈಯಿಂದ ಮುಚ್ಚಿ ಬೇಕಾದ್ದನ್ನಷ್ಟೇ ಸ್ಕ್ಯಾನ್ ಮಾಡಿ.

ನಾವೇ ಅಂಟಿಸಿದ ಲೇಬಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಿದ್ದರೆ ಇನ್ನೊಂದು ಎಚ್ಚರ. ಕಂಪ್ಯೂಟರಿನಲ್ಲಿ ಕನ್ನಡ ಅಥವಾ ಗುಜರಾತಿ ಕೀಲಿಮಣೆ ಆನ್ ಇದ್ದರೆ ಅಕ್ಷರಗಳು ಕಲಸುಮೇಲೋಗರವಾಗುತ್ತವೆ.

9 ಪಿನ್ನಿನ ಹಳೆಯ ಸೀರಿಯಲ್ ಸ್ಕ್ಯಾನರ್ ನೋಟ್‌ಪ್ಯಾಡಿನಲ್ಲಿ ತಾನಾಗಿ ಬರೆಯದು. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಕೊಳ್ಳಬೇಡಿರೆಂದೇ ನಮ್ಮ ಸಲಹೆ. ಉದ್ದ ಗೆರೆಗಳನ್ನು ಓದುವ ಲೇಸರ್ ಸ್ಕ್ಯಾನರ್ ಕ್ಯೂಆರ್ ಕೋಡನ್ನೂ ಓದುವುದಿಲ್ಲ.

890ರಿಂದ ಶುರುವಾದ ಮಾತ್ರಕ್ಕೆ ಸರಕು ಭಾರತದಲ್ಲೇ ತಯಾರಾಯಿತೆಂದಲ್ಲ; ಆ ಸಂಖ್ಯೆ ಕೊಟ್ಟದ್ದು ಜಿಎಸ್‌1 ಇಂಡಿಯಾ ಎಂದಷ್ಟೇ. ಈ 13 ಅಂಕಿಗಳಲ್ಲಿ ಅವಧಿ ಮುಗಿಯುವ ದಿನಾಂಕವೂ ಇರುವುದಿಲ್ಲ. ಅದನ್ನು ಸರಕು ಇಳಿಸಿಕೊಂಡ ದಿನವೇ ಕೈಯಾರೆ ತುಂಬಿಸಿರಿ.