ಔಷಧ ಕೊಡುವ ಮುನ್ನ, ಕೊಟ್ಟ ಮೇಲೆ

ಆಸ್ಪತ್ರೆಯಲ್ಲಿ ಒಂದು ಔಷಧ ರೋಗಿಯ ಮೈ ಸೇರುವ ಮೊದಲು ಹಲವರ ಕೈ ದಾಟುತ್ತದೆ. ವೈದ್ಯರು ಬರೆಯುತ್ತಾರೆ, ಅದು ಚಾರ್ಟಿಗೆ ಏರುತ್ತದೆ, ಫಾರ್ಮಸಿಸ್ಟ್ ತೆಗೆದುಕೊಡುತ್ತಾರೆ, ಕೊನೆಗೆ ನರ್ಸ್ ಅದನ್ನು ನುಂಗಿಸುತ್ತಾರೆ ಅಥವಾ ಚುಚ್ಚುತ್ತಾರೆ. ಮೊದಲ ಹಂತಗಳ ತಪ್ಪನ್ನು ಮುಂದಿನವರು ಹಿಡಿಯಬಹುದು. ಕೊನೆಯ ಹಂತದ ತಪ್ಪನ್ನು ಹಿಡಿಯಲು ಆಮೇಲೆ ಯಾರೂ ಉಳಿದಿರುವುದಿಲ್ಲ. ಅಮೆರಿಕದ ಬಾಸ್ಟನ್ ನಗರದ ಎರಡು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕಂಡಿತು. ಔಷಧ ಬರೆಯುವಾಗ ಆದ ಗಂಭೀರ ತಪ್ಪುಗಳಲ್ಲಿ ಅರ್ಧದಷ್ಟು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದಿದ್ದವು. ಕೊಡುವಾಗ ಆದವು ಸಿಕ್ಕಿಬೀಳದೆ ರೋಗಿಯನ್ನು ತಲುಪಿದ್ದವು. ಈ ಕೊನೆಯ ಹಂತವನ್ನು ಸುರಕ್ಷಿತಗೊಳಿಸಲು ನರ್ಸಿಂಗ್ ವೃತ್ತಿ ಎರಡು ದಾರಿಗಳಲ್ಲಿ ನಡೆದುಬಂದಿದೆ. ಒಂದು ನಿಯಮದ ದಾರಿ, ಇನ್ನೊಂದು ಯೋಚನೆಯ ದಾರಿ.

ನಿಯಮದ ದಾರಿ ಹಳೆಯದು. ಲೇಬಲ್ಲನ್ನು ಮೂರು ಸಲ ಓದಬೇಕೆಂದು ನರ್ಸಿಂಗ್ ಶಾಲೆಗಳು ಕಲಿಸುತ್ತ ಬಂದವು: ಸೀಸೆ ಎತ್ತಿಕೊಳ್ಳುವಾಗ, ಔಷಧ ತೆಗೆಯುವಾಗ, ಸೀಸೆಯನ್ನು ಮರಳಿ ಇಡುವಾಗ. ಇದರ ಜೊತೆಗೆ ಐದು ‘ಸರಿ’ಗಳು ಬಾಯಿಪಾಠವಾದವು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಮುಂದೆ ದಾಖಲಾತಿ, ಕೊಡುವ ಕಾರಣ, ಔಷಧಕ್ಕೆ ದೇಹದ ಪ್ರತಿಕ್ರಿಯೆ, ಬೇಡವೆನ್ನುವ ರೋಗಿಯ ಹಕ್ಕು ಮುಂತಾದವು ಸೇರಿ ಪಟ್ಟಿ ಬೆಳೆಯಿತು.

ಯೋಚನೆಯ ದಾರಿಯ ಬೀಜ ಫ್ಲಾರೆನ್ಸ್ ನೈಟಿಂಗೇಲ್ ಅವರಲ್ಲೇ ಇದೆ. 1859ರಲ್ಲಿ ಅವರು ನರ್ಸಿಂಗ್ ಕುರಿತು ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯ ಮೀಸಲಾಗಿತ್ತು. ಅದು ವ್ಯವಸ್ಥಿತ ರೂಪ ಪಡೆಯಲು ಸುಮಾರು ನೂರು ವರ್ಷ ಬೇಕಾಯಿತು. 1955ರಲ್ಲಿ ಅಮೆರಿಕದ ಲಿಡಿಯಾ ಹಾಲ್ ನರ್ಸಿಂಗ್ ಒಂದು ಪ್ರಕ್ರಿಯೆ ಎಂದು ಕರೆದರು. 1961ರಲ್ಲಿ ಐಡಾ ಜೀನ್ ಒರ್ಲ್ಯಾಂಡೊ ಇನ್ನೂ ಮುಂದೆ ಹೋದರು. ಆದೇಶವಿದೆ ಎಂದೋ ವಾಡಿಕೆ ಎಂದೋ ಯಾಂತ್ರಿಕವಾಗಿ ಮಾಡಿದ ಕೆಲಸ ಬೇರೆ. ರೋಗಿಗೆ ಆ ಹೊತ್ತಿಗೆ ಬೇಕಾದುದನ್ನು ಕೇಳಿ, ತಿಳಿದು ಮಾಡಿದ ಕೆಲಸ ಬೇರೆ ಎಂದು ಅವರು ವಿಂಗಡಿಸಿದರು. 1967ರಲ್ಲಿ ಹೆಲೆನ್ ಯೂರಾ ಮತ್ತು ಮೇರಿ ವಾಲ್ಷ್ ಈ ಪ್ರಕ್ರಿಯೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು. 1973ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಪ್ರಕಟಿಸಿದ ವೃತ್ತಿ ಮಾನದಂಡಗಳಲ್ಲಿ ಶುಶ್ರೂಷಾ ನಿದಾನಕ್ಕೂ, ಅಂದರೆ ರೋಗಿಯ ಸಮಸ್ಯೆಯನ್ನು ನರ್ಸ್ ತಾವೇ ಗುರುತಿಸುವುದಕ್ಕೂ, ಜಾಗ ಸಿಕ್ಕಿತು. ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ ಈ ನಿದಾನಗಳ ವರ್ಗೀಕರಣಕ್ಕೆಂದೇ ಮೊದಲ ಸಮ್ಮೇಳನ ನಡೆಯಿತು. ಸ್ಥಿತಿ ಪರಿಶೀಲನೆ, ನಿದಾನ, ಯೋಜನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳ ಶುಶ್ರೂಷಾ ಪ್ರಕ್ರಿಯೆ ಹೀಗೆ ನೆಲೆಗೊಂಡಿತು.

ಇದೇ ಕಾಲದಲ್ಲಿ ತಪ್ಪುಗಳ ನಿಜವಾದ ಪ್ರಮಾಣವೂ ಬೆಳಕಿಗೆ ಬಂತು. 1962ರಲ್ಲಿ ಕೆನೆತ್ ಬಾರ್ಕರ್ ಮತ್ತು ವಾರೆನ್ ಮೆಕಾನಲ್, ಔಷಧ ಕೊಡುವುದನ್ನು ಪಕ್ಕದಲ್ಲೇ ನಿಂತು ನೋಡಿ ಲೆಕ್ಕ ಹಾಕುವ ವಿಧಾನದ ಬಗ್ಗೆ ಬರೆದರು. ಆಸ್ಪತ್ರೆಯ ವರದಿಗಳಲ್ಲಿ ದಾಖಲಾಗಿದ್ದುದು ನಡೆದ ತಪ್ಪುಗಳ ಸಣ್ಣ ಪಾಲು ಮಾತ್ರ ಎಂದು ಗೊತ್ತಾಯಿತು. ವಾರ್ಡಿನಲ್ಲಿ ದೊಡ್ಡ ಸೀಸೆಗಳಿಂದ ಔಷಧ ತೆಗೆಯುವ ಬದಲು ಒಂದೊಂದು ಡೋಸನ್ನೂ ಪ್ರತ್ಯೇಕವಾಗಿ ಕಟ್ಟಿಕೊಡುವ ಪದ್ಧತಿ ಆ ದಶಕದಲ್ಲೇ ರೂಪುಗೊಂಡಿತು. 1992ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾದ ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್ ಸ್ಯೂ ಕಿನ್ನಿಕ್, ಬಾಡಿಗೆ ಕಾರು ಹಿಂದಿರುಗಿಸುವಾಗ ಅಲ್ಲಿನ ಸಿಬ್ಬಂದಿ ಕೈಯಲ್ಲಿ ಹಿಡಿದ ಸಾಧನದಿಂದ ಬಾರ್‌ಕೋಡ್ ಓದುವುದನ್ನು ಕಂಡರು. ರೋಗಿಯ ಕೈಪಟ್ಟಿಗೂ ಔಷಧದ ಪೊಟ್ಟಣಕ್ಕೂ ಅದನ್ನೇ ಅಳವಡಿಸಬಹುದೆಂದು ಅವರಿಗೆ ಹೊಳೆಯಿತು. ಇಂದು ಅನೇಕ ದೇಶಗಳಲ್ಲಿರುವ ಬಾರ್‌ಕೋಡ್ ವ್ಯವಸ್ಥೆಯ ಮೂಲಗಳಲ್ಲಿ ಒಬ್ಬ ನರ್ಸ್‌ನ ಈ ಹೊಳಹೂ ಒಂದು. 2010ರಲ್ಲಿ ಬಾಸ್ಟನ್‌ನಿಂದಲೇ ಬಂದ ಅಧ್ಯಯನದ ಪ್ರಕಾರ, ಸಮಯಕ್ಕೆ ಸಂಬಂಧಿಸಿದವನ್ನು ಬಿಟ್ಟು, ಔಷಧ ಕೊಡುವ ಹಂತದ ತಪ್ಪುಗಳು ಈ ವ್ಯವಸ್ಥೆಯಿಂದ ಸುಮಾರು ಶೇ 41ರಷ್ಟು ಇಳಿದವು.

ಆದರೆ ರೋಗಿ ಊಟ ಮಾಡಿದ್ದಾರೆಯೇ ಎಂದು ಬಾರ್‌ಕೋಡ್ ಕೇಳುವುದಿಲ್ಲ. ಐದು ‘ಸರಿ’ಗಳೂ ಕೇಳುವುದಿಲ್ಲ. ಚೀಟಿಯಲ್ಲಿ ಇದ್ದುದನ್ನು ಇದ್ದಂತೆ ಕೊಟ್ಟದ್ದಕ್ಕೆ ಅವು ಸಾಕ್ಷಿ. ಈ ರೋಗಿಗೆ ಈ ಗಳಿಗೆಯಲ್ಲಿ ಅದನ್ನು ಕೊಡಬಹುದೇ ಎಂಬುದನ್ನು ಶುಶ್ರೂಷಾ ಪ್ರಕ್ರಿಯೆಯೇ ತೀರ್ಮಾನಿಸಬೇಕು. ಇನ್ಸುಲಿನ್ ಇದಕ್ಕೆ ಸ್ಪಷ್ಟ ನಿದರ್ಶನ. ಊಟಕ್ಕೆ ಅರ್ಧ ಗಂಟೆ ಮೊದಲು 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಲು ಆದೇಶವಿದೆ ಎಂದುಕೊಳ್ಳಬಹುದು.

ಮೊದಲ ಹಂತ ಸ್ಥಿತಿ ಪರಿಶೀಲನೆ. ಈಗಿನ ರಕ್ತದ ಸಕ್ಕರೆ ಎಷ್ಟು, ವಾಂತಿಯಾಗಿದೆಯೇ, ಪರೀಕ್ಷೆಗೆಂದು ಉಪವಾಸವಿಟ್ಟಿದ್ದಾರೆಯೇ, ಮೂತ್ರಪಿಂಡದ ಸ್ಥಿತಿ ಹೇಗಿದೆ, ಚುಚ್ಚುವ ಜಾಗದಲ್ಲಿ ಗಂಟು ಕಟ್ಟಿದೆಯೇ ಎಂದು ನರ್ಸ್ ತಿಳಿದುಕೊಳ್ಳುತ್ತಾರೆ. ಎರಡನೆಯದು ನಿದಾನ. ಸಕ್ಕರೆ ಕಾಯಿಲೆ ಎಂಬುದು ವೈದ್ಯರ ನಿದಾನ. ಈ ರೋಗಿಯ ಸಕ್ಕರೆಯ ಮಟ್ಟ ಅಸ್ಥಿರವಾಗುವ ಅಪಾಯವಿದೆ ಎಂಬುದು ನರ್ಸ್‌ನ ನಿದಾನ. ಯೋಜನೆಯಲ್ಲಿ ಊಟದ ತಟ್ಟೆ ಯಾವಾಗ ಬರುತ್ತದೆ ಎಂಬುದಕ್ಕೆ ಸೂಜಿಯ ಸಮಯವನ್ನು ಹೊಂದಿಸಬೇಕು. ಊಟ ಅನುಮಾನವಾಗಿದ್ದರೆ ಔಷಧವನ್ನು ತಡೆದು ವೈದ್ಯರನ್ನು ಕೇಳಬೇಕು.

ಅನುಷ್ಠಾನದಲ್ಲಿ ಐದು ‘ಸರಿ’ಗಳು ತಮ್ಮ ಜಾಗಕ್ಕೆ ಬರುತ್ತವೆ. ಭಾರತದಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಗಳೂ 100 ಯೂನಿಟ್ ಇರುವವೂ ಬಳಕೆಯಲ್ಲಿವೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್, ಅಂದರೆ ಎರಡೂವರೆ ಪಟ್ಟು. ತದ್ವಿರುದ್ಧವಾದರೆ ಹೋಗುವುದು 4 ಯೂನಿಟ್ ಮಾತ್ರ. ಆದ್ದರಿಂದಲೇ ಇನ್ನೊಬ್ಬ ನರ್ಸ್ ಸೀಸೆ, ಸಿರಿಂಜು, ಪ್ರಮಾಣ ಮೂರನ್ನೂ ಸ್ವತಂತ್ರವಾಗಿ ನೋಡುವ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿದೆ. ಮೊದಲಿನವರು ಹೇಳಿದ್ದಕ್ಕೆ ತಲೆಯಾಡಿಸಿದರೆ ಅದು ಪರಿಶೀಲನೆ ಆಗುವುದಿಲ್ಲ. ಕೊಟ್ಟ ಕೂಡಲೇ ಬರೆದಿಡಬೇಕು. ಕೊಡುವ ಮುಂಚೆ ಬರೆಯಬಾರದು.

ಸೂಜಿ ಹೊರಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರೆಗ್ಯುಲರ್ ಇನ್ಸುಲಿನ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಆರಂಭಿಸಿ 2ರಿಂದ 4 ಗಂಟೆಗಳ ನಡುವೆ ಉತ್ತುಂಗಕ್ಕೆ ಏರುತ್ತದೆ. ಬೆವರು, ನಡುಕ, ಗಲಿಬಿಲಿ ಕಾಣುತ್ತಿವೆಯೇ, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದೆಯೇ ಎಂದು ನೋಡುವುದು ಮೌಲ್ಯಮಾಪನ. ಇಳಿದಿದ್ದು ರೋಗಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಬೇಗ ರಕ್ತ ಸೇರುವ 15 ಗ್ರಾಂ ಸಕ್ಕರೆ ಅಂಶ ಕೊಟ್ಟು 15 ನಿಮಿಷದ ನಂತರ ಮತ್ತೆ ಅಳೆಯುವುದು ರೂಢಿ. ಇಲ್ಲಿ ಸಿಕ್ಕ ಮಾಹಿತಿಯೇ ಮುಂದಿನ ಡೋಸಿನ ಸ್ಥಿತಿ ಪರಿಶೀಲನೆಯಾಗುತ್ತದೆ.

1947ರ ಕಾಯ್ದೆಯಡಿ ರಚನೆಯಾದ ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ಶುಶ್ರೂಷಾ ಪ್ರಕ್ರಿಯೆ ಮತ್ತು ಔಷಧ ನೀಡಿಕೆ ಎರಡೂ ಆರಂಭದಲ್ಲೇ ಬರುತ್ತವೆ. ಕರ್ನಾಟಕದ ನರ್ಸಿಂಗ್ ವಿದ್ಯಾರ್ಥಿಗಳೂ ವಾರ್ಡಿನ ರೋಗಿಗಳನ್ನು ನೋಡಿಕೊಂಡು ಇದೇ ಹಂತಗಳಲ್ಲಿ ‘ಕೇರ್ ಪ್ಲಾನ್’ ಬರೆದು ಕಲಿಯುತ್ತಾರೆ. ಕಲಿತದ್ದು ವಾರ್ಡಿನಲ್ಲಿ ಉಳಿಯಬೇಕಾದರೆ ನರ್ಸ್‌ಗೆ ಯೋಚಿಸಲು ಬಿಡುವೂ ಬೇಕು. ಔಷಧ ಕೊಡುತ್ತಿರುವಾಗ ನಡುವೆ ಕರೆದ ಪ್ರತಿ ಸಲವೂ ತಪ್ಪಿನ ಪ್ರಮಾಣ ಸುಮಾರು ಶೇ 12ರಷ್ಟು ಹೆಚ್ಚುವುದನ್ನು 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ತಪ್ಪಿಸಬಹುದಾದ ಗಂಭೀರ ಔಷಧ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿ ಹಾಕಿಕೊಂಡಾಗ, ಒಬ್ಬೊಬ್ಬರ ಜಾಗರೂಕತೆಯ ಜೊತೆಗೆ ಕೆಲಸದ ವ್ಯವಸ್ಥೆಯನ್ನೂ ಸರಿಪಡಿಸಲು ಕರೆಕೊಟ್ಟಿತು. ತಪ್ಪಾದಾಗ ಭಯವಿಲ್ಲದೆ ವರದಿ ಮಾಡುವ ವಾತಾವರಣ, ಪಾಳಿಗೆ ಸಾಕಷ್ಟು ನರ್ಸ್‌ಗಳು, ಔಷಧದ ಹೊತ್ತಿನಲ್ಲಿ ಅವರನ್ನು ಕರೆಯದ ಶಿಸ್ತು ಇವಿಷ್ಟೂ ಇದ್ದರೆ ಮಾತ್ರ ಐದು ಹಂತಗಳು ಪುಸ್ತಕದಿಂದ ರೋಗಿಯ ಹಾಸಿಗೆಯವರೆಗೆ ತಲುಪುತ್ತವೆ.